ವಾಲಿದ ನಾಲ್ಕು

ಭಾವನ ಅಂಗಡಿಗೆ ಬರುವವರೆಲ್ಲ ಅವಳನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದಳು. ಅಕ್ಕ ಮಾತ್ರ ಮುಖದ ಮೇಲೇ ಹೇಳುತ್ತಿದ್ದಳು, "ಇತ್ತೀಚೆಗೆ ಕನ್ನಡಿ ಯಾವುದು, ಭೂತ ಯಾವುದು ಅಂತಾನೇ ಗೊತ್ತಾಗ್ತಿಲ್ಲ ಕಣೇ."

ಹಳೆಯ ಕೈಗಡಿಯಾರಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ಅದು. ಅಕ್ಕನ ಗಂಡ ಮುಂದೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಹರಟುತ್ತಿದ್ದ. ಇವಳು ಪಕ್ಕದ ಮೇಜಿನಲ್ಲಿ, ಬಲಗಣ್ಣಿಗೆ ಕಪ್ಪು ಕೊಳವೆಯ ಭೂತಗನ್ನಡಿ ಸಿಕ್ಕಿಸಿಕೊಂಡು, ಬಂದ ವಾಚಿನ ಜಾತಕ ಹೇಳುತ್ತಿದ್ದಳು. ಅದರಲ್ಲೂ ಡಯಲ್ಲಿನ ವಿಷಯದಲ್ಲಿ ಅವಳದೇ ಕೊನೆಯ ಮಾತು. ಅಂಕಿಗಳಿರುವ ಆ ಮುಖ ವರ್ಷ ಕಳೆದಂತೆ ಕಲೆಗಟ್ಟುತ್ತದೆ, ಹಳದಿ ತಿರುಗುತ್ತದೆ. ಕೆಲವರು ಅದನ್ನು ಕೆರೆಸಿ, ಹೊಸದಾಗಿ ಬಣ್ಣ ಬಳಿಸಿ, ಅಂಕಿ ಅಚ್ಚು ಹಾಕಿಸಿಬಿಡುತ್ತಾರೆ. ಆಮೇಲೆ ಅದು ಮದುವಣಗಿತ್ತಿಯ ಹಾಗೆ ಮಿಂಚುತ್ತದೆ ನಿಜ, ಆದರೆ ಸಂಗ್ರಹದ ಹುಚ್ಚು ಹತ್ತಿದವರು ಅಂಥದ್ದನ್ನು ಮೂಸಿಯೂ ನೋಡುವುದಿಲ್ಲ. ಅವರಿಗೆ ಕಲೆಯಿದ್ದರೂ ಸರಿ, ಕಾರ್ಖಾನೆಯಿಂದ ಹೊರಬಂದ ಮುಖವೇ ಬೇಕು. ಯಾವುದು ಹುಟ್ಟುಮುಖ, ಯಾವುದು ಬಳಿದ ಮುಖ ಎಂದು ಹೇಳುವುದು ಇವಳ ಕೆಲಸ. "ಮರುಬಣ್ಣ" ಎಂದು ಒಂದೇ ಮಾತು ಹೇಳಿ ವಾಚನ್ನು ಬೆರಳ ತುದಿಯಿಂದ ಆಚೆ ತಳ್ಳುವಾಗ ಅವಳ ಮುಖದಲ್ಲಿ ಒಂದು ಬಗೆಯ ತೃಪ್ತಿ ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಭಾವ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದ.

ಆ ಬೆಳಿಗ್ಗೆ ಹಲ್ಲಿನ ಡಾಕ್ಟರು ಕೌಂಟರಿಗೆ ಮೊಳಕೈ ಊರಿ ನಿಂತಿದ್ದರು. ಹಳೆಯ ವಾಚೆಂದರೆ ಪ್ರಾಣ ಬಿಡುವ ಮನುಷ್ಯ. ಕ್ಲಿನಿಕ್ಕಿನಲ್ಲಿ ರೋಗಿಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದರೆ, ಇವರು ಇಲ್ಲಿ ಬಾಯಿ ತೆರೆದುಕೊಂಡು ವಾಚು ನೋಡುತ್ತಿರುತ್ತಿದ್ದರು. ಆಗ ಎತ್ತರದ, ತೆಳ್ಳಗಿನ ಹೆಂಗಸೊಬ್ಬಳು ಒಳಗೆ ಬಂದು ಕರವಸ್ತ್ರದ ಗಂಟು ಬಿಚ್ಚಿದಳು. ವಯಸ್ಸು ಅರವತ್ತರ ಮೇಲೆ. ಗಂಡ ರೈಲಿನಲ್ಲಿ ಗಾರ್ಡ್ ಆಗಿದ್ದವರು, ಹಾಗಾಗಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಎಲ್ಲರ ಬಾಯಲ್ಲೂ ಆಕೆ ಗಾರ್ಡಮ್ಮ.

"ಇದರ ಗಾಜು ಒಡೆದಿದೆ, ಹಾಕಿಕೊಡಿ. ಸ್ವಲ್ಪ ಬೇಗ ಆಗ್ಬೇಕಿತ್ತು," ಎಂದಳು. "ನಮ್ಮನೆಯವರಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತೂ ಇಲ್ಲ. ಎಡಗೈ ಮಂಚದ ಸರಳಿಗೆ ಬಡಿದು ಇದು ಒಡೀತು. ಮಣಿಕಟ್ಟು ಖಾಲಿ ಇದ್ರೆ ಅವರಿಗಾಗಲ್ಲ. ಗಳಿಗೆಗೊಂದ್ಸಲ ಕೈ ಎತ್ತಿ ನೋಡ್ತಾರೆ, ವಾಚಿಲ್ಲದ್ದು ಕಂಡು ಕೆಳಗೆ ಹಾಕ್ತಾರೆ, ಮತ್ತೆ ಎತ್ತಿ ನೋಡ್ತಾರೆ."

ಭೂತಗನ್ನಡಿ ಕೈ ಚಾಚುವ ಮೊದಲೇ ಡಾಕ್ಟರ ಕತ್ತು ಕೊಕ್ಕರೆಯ ಹಾಗೆ ಮುಂದೆ ಬಂತು. "ಅಮ್ಮಾ, ಇದು ಬಹಳ ಅಪರೂಪದ್ದು! ಡಯಲ್ ಒರಿಜಿನಲ್ಲಾ?"

ಗಾರ್ಡಮ್ಮನ ಮುಖ ಅರಳಿತು. "ನಮ್ಮಪ್ಪ ಮದುವೇಲಿ ಅಳಿಯನಿಗೆ ಕೊಟ್ಟಿದ್ದು. ಹೊಚ್ಚ ಹೊಸದು, ಡಬ್ಬಿ ಸಮೇತ. 'ಮಾವ ಕೊಟ್ಟ ಹಾಗೇ ಇದೆ, ಮುಖ ಮುಟ್ಟೋಕೆ ಯಾವನಿಗೂ ಬಿಟ್ಟಿಲ್ಲ' ಅಂತ ಇವರು ಮನೆಗೆ ಬಂದವರಿಗೆಲ್ಲ ತೋರಿಸೋರು. ಮಾರೋಕಲ್ಲಪ್ಪ, ಗಾಜಿಗೆ ತಂದಿದ್ದು."

ಗಾಜಿಗೆ ತಂದದ್ದು. ಡಯಲ್ಲಿನ ಬಗ್ಗೆ ಇವಳನ್ನು ಯಾರೂ ಕೇಳಿರಲಿಲ್ಲ. ಆದರೂ ಭೂತಗನ್ನಡಿ ಕಣ್ಣಿಗೇರಿತ್ತು, ದೀಪ ಹತ್ತಿರ ಬಂದಿತ್ತು. ಕೆನೆಬಣ್ಣದ ಮುಖ, ಮೂರರ ಪಕ್ಕದಲ್ಲಿ ಚಹಾದ ಹನಿ ಒಣಗಿದಂಥ ಕಂದು ಕಲೆ. ಕೆಳಗೆ ಸೆಕೆಂಡಿನ ಪುಟ್ಟ ವೃತ್ತ. ಆ ವೃತ್ತದೊಳಗೆ ನಲವತ್ತು ಎಂಬಲ್ಲಿ, ನಾಲ್ಕರ ಅಂಕಿ ಕುಡಿದವನ ಹಾಗೆ ಎಡಕ್ಕೆ ವಾಲಿ ಪಕ್ಕದ ಗೆರೆಗೆ ತಾಗಿತ್ತು. ಯಾವ ಕಾರ್ಖಾನೆಯೂ ಹಾಗೆ ಅಚ್ಚು ಹಾಕಿ ಹೊರಗೆ ಕಳಿಸುವುದಿಲ್ಲ; ಹಾಕಿದ್ದರೆ ಯಾರೋ ಕೈಯಲ್ಲಿ ಹಾಕಿರಬೇಕು.

"ಮರುಬಣ್ಣ," ಎಂದಳು ಅವಳು.

ಡಾಕ್ಟರ ಕತ್ತು ತಕ್ಷಣ ಒಳಗೆ ಹೋಯಿತು. ಗಾರ್ಡಮ್ಮನಿಗೆ ಅರ್ಥವಾಗಲಿಲ್ಲ. ಇವಳು ಬಿಡಿಸಿ ಹೇಳಿದಳು. ನಾಲ್ಕನ್ನು ತೋರಿಸಿದಳು, ಭೂತಗನ್ನಡಿಯನ್ನು ಆಕೆಯ ಕಣ್ಣಿಗೇ ಹಿಡಿದಳು. ಆಕೆ ಬಹಳ ಹೊತ್ತು ನೋಡಿದಳು.

"ನಮ್ಮಪ್ಪ ಕೊಡುವಾಗಲೇ ಹೀಗಿತ್ತಾ, ಇಲ್ಲಾ ಆಮೇಲೆ ಆಗಿದ್ದಾ?"

"ಅದು ಹೇಳೋಕಾಗಲ್ಲ ಅಮ್ಮ. ಆಗ ಬಳಿದಿದ್ದಿರಬಹುದು, ಆಮೇಲೂ ಇರಬಹುದು. ಅಥವಾ ಇದು ಆ ವಾಚೇ ಅಲ್ಲದೆಯೂ ಇರಬಹುದು."

ಗಾರ್ಡಮ್ಮ ಕಣ್ಣಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು. "ಒಂದ್ಸಲ ಇವರ ಕೆಲಸ ಹೋಗಿತ್ತು," ಎಂದಳು, ಯಾರಿಗೂ ಹೇಳದವಳ ಹಾಗೆ. "ಆಗ ಎಷ್ಟೋ ತಿಂಗಳು ವಾಚು ಕೈಮೇಲಿರಲಿಲ್ಲ. ರಿಪೇರಿಗೆ ಕೊಟ್ಟಿದೀನಿ ಅಂದಿದ್ರು. ನಾನು ನಂಬಿದ್ದೆ."

ಮತ್ತೆ ಕರವಸ್ತ್ರ ಗಂಟು ಹಾಕಿದಳು. "ಗಾಜು?" ಎಂದು ಭಾವ ಕೇಳಿದ. ಅಷ್ಟರಲ್ಲಿ ಆಕೆ ಮೆಟ್ಟಿಲಿಳಿದಾಗಿತ್ತು.

ಇದಾಗಿ ಎರಡು ಮೂರು ವಾರ ಕಳೆದಿರಬಹುದು. ಪಕ್ಕದ ಬೀದಿಯಲ್ಲಿ ಮುಚ್ಚಿಹೋದ ಒಂದು ರಿಪೇರಿ ಅಂಗಡಿಯ ಬಿಡಿಭಾಗಗಳನ್ನು ಭಾವ ಖಾನೆಗಳ ಸಮೇತ ಕೊಂಡು ತಂದ. ತುಕ್ಕು ಹಿಡಿದ ಸ್ಪ್ರಿಂಗು, ಜೋಡಿ ತಪ್ಪಿದ ಮುಳ್ಳು, ಗಾಜು ಎಲ್ಲ ಕಲಸುಮೇಲೋಗರ. ಭೂತಗನ್ನಡಿ ಮಧ್ಯಾಹ್ನದ ಊಟ ಮುಗಿಸಿ ವಿಂಗಡಿಸುತ್ತ ಕೂತಳು. ತಳದ ಖಾನೆಯಲ್ಲಿ ಮೇಣದ ಕಾಗದದ ಪೊಟ್ಟಣವೊಂದು ಸಿಕ್ಕಿತು. ಕಾರ್ಖಾನೆಯ ಮುದ್ರೆ ಹಾಗೇ ಇತ್ತು, ಅಂಟು ಬಿಚ್ಚಿರಲಿಲ್ಲ. ಬಿಡಿಸಿದಳು. ಒಳಗೆ ಒಂದೇ ಒಂದು ಡಯಲ್. ಹಿಂಬದಿಯ ಎರಡು ಪುಟ್ಟ ಕಾಲುಗಳ ಮೇಲೆ ಸ್ಕ್ರೂ ಕಚ್ಚಿದ ಗುರುತಿಲ್ಲ. ಯಾವ ವಾಚಿನೊಳಗೂ ಅದು ಕೂತೇ ಇರಲಿಲ್ಲ. ತಿರುಗಿಸಿದಳು. ಕೆನೆಬಣ್ಣ, ಕೆಳಗೆ ಸೆಕೆಂಡಿನ ಪುಟ್ಟ ವೃತ್ತ, ಅದರಲ್ಲಿ ನಲವತ್ತು.

ನಾಲ್ಕು ಎಡಕ್ಕೆ ವಾಲಿತ್ತು. ಪಕ್ಕದ ಗೆರೆಗೆ ತಾಗಿತ್ತು.

ಅವಳು ಭೂತಗನ್ನಡಿ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ನಾಲ್ಕು ನೇರವಾಗಲಿಲ್ಲ. ಅಂದರೆ ಕಾರ್ಖಾನೆಯ ಅಚ್ಚೇ ಸೊಟ್ಟಗಿತ್ತು; ಒಂದು ಕಂತಿನ ಡಯಲ್ಲುಗಳೆಲ್ಲ ಹಾಗೇ ಹೊರಬಿದ್ದಿದ್ದವು. ಅವಳು ಯಾವುದನ್ನು ಬಳಿದವನ ಕೈತಪ್ಪು ಎಂದು ತೀರ್ಪು ಕೊಟ್ಟಿದ್ದಳೋ ಅದು ಹುಟ್ಟುಗುರುತು.

"ಭಾವ, ಆ ಗಾರ್ಡಮ್ಮನ ವಾಚು ಒರಿಜಿನಲ್."

"ಯಾವ ಗಾರ್ಡಮ್ಮ?"

ಹೇಳಿದಳು. ಭಾವ ಕೇಳಿಸಿಕೊಂಡು ಭುಜ ಹಾರಿಸಿದ. "ಅವರು ಮಾರೋಕೆ ಬಂದಿರಲಿಲ್ಲ, ನಾವು ಕೊಂಡೂ ಇಲ್ಲ. ಯಾರ ಗಂಟು ಹೋಯ್ತು? ಮುಂದಿನ ಸಲ ಬಂದ್ರೆ ಹೇಳಿದ್ರಾಯ್ತು."

ಅವಳು ಮತ್ತೆ ಖಾನೆಗೆ ಕೈ ಹಾಕಿದಳು. ಮುಳ್ಳುಗಳ ಡಬ್ಬಿಗೆ ಸ್ಪ್ರಿಂಗು ಬಿತ್ತು, ಸ್ಪ್ರಿಂಗಿನ ಡಬ್ಬಿಗೆ ಗಾಜು. ಎದ್ದು ನೀರು ಕುಡಿದಳು. ಕೂತಳು. ಮತ್ತೆ ಎದ್ದಳು. "ಇದು ಆ ವಾಚೇ ಅಲ್ಲದೆಯೂ ಇರಬಹುದು" ಎಂದು ತಾನೇ ಆಡಿದ ಮಾತು ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಅದನ್ನು ಹೇಳುವ ಅಗತ್ಯ ಏನಿತ್ತು? ಯಾರು ಕೇಳಿದ್ದರು? ಡಾಕ್ಟರ ಎದುರಿಗೆ ಜಾಣತನ ಮೆರೆಯಬೇಕಿತ್ತು, ಮೆರೆದಾಗಿತ್ತು.

"ನಿನಗೇನು ಮೈಮೇಲೆ ಇರುವೆ ಬಿಟ್ಟಿದೆಯಾ? ಒಂದು ಕಡೆ ಕೂತ್ಕೋ ಮಾರಾಯ್ತಿ," ಎಂದ ಭಾವ.

"ಹೋಗಿಬರ್ತೀನಿ," ಎಂದವಳೇ ಡಯಲ್ಲನ್ನು ಪೊಟ್ಟಣದೊಳಗಿಟ್ಟು, ಪೊಟ್ಟಣವನ್ನು ಚೀಲದೊಳಗಿಟ್ಟು ಬೀದಿಗಿಳಿದಳು.

ಕ್ವಾರ್ಟರ್ಸ್ ಎಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳ ಸಾಲು. ಯಾವುದೆಂದು ಹೇಗೆ ಹುಡುಕುವುದು ಎಂದುಕೊಂಡಿದ್ದಳು. ಗಾರ್ಡಮ್ಮ ಎಂದ ಕೂಡಲೇ ಬಟ್ಟೆ ಹರವುತ್ತಿದ್ದ ಹೆಂಗಸು ಗಲ್ಲ ಎತ್ತಿ ಮೂಲೆ ಮನೆ ತೋರಿಸಿದಳು. "ಹೋಗಿ, ಆದ್ರೆ ಇತ್ತೀಚೆಗೆ ಅವರ ಮೂಡು ಸರಿಯಿಲ್ಲ," ಎಂಬ ಎಚ್ಚರಿಕೆಯೂ ಬಂತು.

ಬಾಗಿಲು ತೆರೆದ ಗಾರ್ಡಮ್ಮನಿಗೆ ಗುರುತು ಸಿಕ್ಕಿತು, ಆದರೆ ಮುಖದ ಗಂಟು ಸಡಿಲಾಗಲಿಲ್ಲ. "ಬನ್ನಿ," ಎಂದು ಪಕ್ಕಕ್ಕೆ ಸರಿದಳು.

ಒಂದೇ ದೊಡ್ಡ ಕೋಣೆ. ಕಿಟಕಿಯ ಬಳಿ ಕಬ್ಬಿಣದ ಮಂಚ, ದಿಂಬಿಗೊರಗಿ ಗಾರ್ಡು ಕೂತಿದ್ದರು. ಕ್ಷೌರ ಅರ್ಧಂಬರ್ಧ ಆಗಿತ್ತು. ಒಂದು ಕೆನ್ನೆ ನುಣುಪು, ಇನ್ನೊಂದರಲ್ಲಿ ಬಿಳಿ ಕೂಳೆ. ಅವರು ಎಡಗೈ ಎತ್ತಿ ಬರಿದಾದ ಮಣಿಕಟ್ಟನ್ನು ನೋಡಿದರು. ಅಲ್ಲಿ ಪಟ್ಟಿಯಗಲಕ್ಕೆ ಚರ್ಮ ಬೆಳ್ಳಗಿತ್ತು. ಕೈ ಇಳಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದರು.

"ಅವರಿಗೆ ಅದೊಂದು ಕೆಲಸ," ಎಂದಳು ಗಾರ್ಡಮ್ಮ. ಗಂಡನ ಕಡೆ ನೋಡಲಿಲ್ಲ. "ಊಟ ಮಾಡಿಸ್ತೀನಿ, ಮೈ ಒರೆಸ್ತೀನಿ. ಅದಕ್ಕೆಲ್ಲ ಏನೂ ಕಮ್ಮಿ ಮಾಡಿಲ್ಲ. ಮಾತಾಡೋದು ಬಿಟ್ಟಿದೀನಿ, ಅಷ್ಟೇ. ಅವರಿಗೆ ಹೇಗೂ ಬರಲ್ಲ. ಈಗ ಇಬ್ಬರಿಗೂ ಇಲ್ಲ."

"ಯಾಕಮ್ಮ?" ಎಂದು ಕೇಳಿ ನಾಲಗೆ ಕಚ್ಚಿಕೊಂಡಳು ಭೂತಗನ್ನಡಿ.

"ಯಾಕೆ ಅಂದ್ರೆ? ನೀವೇ ಹೇಳಿದ್ರಲ್ಲ. ಒಂದೋ ನಮ್ಮಪ್ಪ ಎಲ್ಲಿಂದಲೋ ಬಣ್ಣ ಬಳಿದ ಹಳೇದು ತಂದು ಹೊಸದು ಅಂತ ಅಳಿಯನ ಕೈಗೆ ಕಟ್ಟಿದ. ಇಲ್ಲಾ ಇವರು ಅಪ್ಪನ ವಾಚು ಮಾರ್ಕೊಂಡು, ಅಂಥದ್ದೇ ಇನ್ನೊಂದು ತಂದು, ಇಷ್ಟು ವರ್ಷ ನನ್ನ ಕಿವಿಗೆ ಹೂ ಇಟ್ರು. ಅಪ್ಪ ಇಲ್ಲ. ಇವರು ಬಾಯಿ ಬಿಡಲ್ಲ. ಯಾರನ್ನ ಕೇಳ್ಲಿ ನಾನು?" ಸೆರಗಿನಿಂದ ಮೂಗೊರೆಸಿಕೊಂಡಳು. "ಒಂದು ಸುಳ್ಳು ಸಿಕ್ಕಿದ ಮೇಲೆ ಇನ್ನೆಷ್ಟಿದಾವೋ ಅಂತ ಅನ್ನಿಸುತ್ತಲ್ಲ. ಆವತ್ತು ಡ್ಯೂಟಿ ಅಂತ ಹೋದ್ರಲ್ಲ, ಡ್ಯೂಟಿಗೇ ಹೋದ್ರಾ? ಹಬೆಬಂಡಿ ಕಾಲದ್ದೆಲ್ಲ ನೆನಪಾಗಿ ನಿದ್ದೆ ಬರಲ್ಲ."

ಭೂತಗನ್ನಡಿ ಚೀಲದೊಳಗಿನ ಪೊಟ್ಟಣಕ್ಕೆ ಕೈ ಹಾಕಿದಳು. ಈಗ ಹೇಳಬೇಕು, ಈಗಲೇ. "ಅಮ್ಮ, ಆ ವಾಚು ಒಂದ್ಸಲ ಕೊಡಿ. ಇನ್ನೊಂದ್ಸಲ ನೋಡ್ಬೇಕು."

"ಎಲ್ಲಿದೆ? ಡಯಲ್ ಪೇಂಟರ್‌ಗೆ ಕೊಟ್ಟೆ. ಹೇಗೂ ಬಳಿದಿದ್ದೇ ಅಂದ್ಮೇಲೆ ಆ ಕಲೆ ಯಾಕಿರ್ಬೇಕು? ಚೆನ್ನಾಗಿ ಬಳಿದುಕೊಡಪ್ಪಾ ಅಂದೆ."

"ಯಾವಾಗ ಕೊಟ್ರಿ?"

"ನಿನ್ನೆ."

ನಿನ್ನೆ ಎಂದರೆ ಇನ್ನೂ ಮುಟ್ಟಿರಲಿಕ್ಕಿಲ್ಲ. ಮೊದಲು ಅದನ್ನು ಉಳಿಸಿಕೊಳ್ಳೋಣ, ಆಮೇಲೆ ಹೇಳೋಣ ಎಂದು ಅವಳು ಎದ್ದೇಬಿಟ್ಟಳು. ಮಂಚದ ಪಕ್ಕ ಹಾಯುವಾಗ ಗಾರ್ಡು ಫಕ್ಕನೆ ಅವಳ ಮುಂಗೈ ಹಿಡಿದರು. ಹಿಡಿತ ಬಲವಾಗಿತ್ತು. ಅವಳ ವಾಚನ್ನು ತಮ್ಮ ಕಣ್ಣ ಹತ್ತಿರಕ್ಕೆ ಎಳೆದುಕೊಂಡು ಗಂಟೆ ಎಷ್ಟೆಂದು ನೋಡಿದರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಗಾರ್ಡಮ್ಮ ಕಿಟಕಿಯ ಪರದೆ ಸರಿಪಡಿಸುತ್ತಿದ್ದಳು.

ಡಯಲ್ ಪೇಂಟರ್ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು ಏದುಸಿರು ಬಿಡುತ್ತಿತ್ತು. ಅವಳು ಮುಂದಿನ ಸೀಟಿನ ಕಂಬಿ ಹಿಡಿದು, ಬಸ್ಸನ್ನು ತಾನೇ ದೂಡುತ್ತಿರುವವಳಂತೆ ಬಾಗಿ ಕೂತಿದ್ದಳು. ಪಕ್ಕದ ಮುದುಕ ಕೇಳಿಯೇಬಿಟ್ಟ, "ಆಸ್ಪತ್ರೆಗಾ ತಾಯಿ?"

"ಹೌದು," ಎಂದಳು. ಸುಳ್ಳು ಹೇಳಿದೆನಲ್ಲ ಎನ್ನಿಸಿತು. ಪೂರ್ತಿ ಸುಳ್ಳಲ್ಲ ಎಂದೂ ಅನ್ನಿಸಿತು.

ಪೇಂಟರನ ಕೋಣೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ. ಮೆಟ್ಟಿಲ ಬುಡದಿಂದಲೇ ಥಿನ್ನರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು; ಕೆಳಗಿನ ಯಂತ್ರದ ಲಯಕ್ಕೆ ನೆಲ ಸಣ್ಣಗೆ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಇಲ್ಲಿಗೆ ಬಂದವಳಲ್ಲ. ಅವನ ಮಾತೆತ್ತಿದರೆ "ಆ ಮುಖ ಸುಲಿಯೋನು" ಎನ್ನುತ್ತಿದ್ದಳು. ಅದು ಅವನ ಕಿವಿಗೆ ಬೀಳದೆ ಇರಲಿಲ್ಲ.

"ಓಹೋ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ಪೇಂಟರ್. ದುಂಡು ದೇಹ, ದುಂಡು ಮುಖ, ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮಸಿ. "ಬನ್ನಿ ಬನ್ನಿ. ಮುಖ ಸುಲಿಸ್ಕೋಬೇಕಿತ್ತಾ?"

"ಕ್ವಾರ್ಟರ್ಸಿನಿಂದ ಒಂದು ವಾಚು ಬಂದಿದೆಯಲ್ಲ, ಸಣ್ಣ ಸೆಕೆಂಡಿನದ್ದು. ಅದನ್ನ ಮುಟ್ಟಬೇಡಿ."

ಪೇಂಟರ್ ಮೇಜಿನ ಮೇಲಿನ ತಟ್ಟೆಯನ್ನು ಅವಳ ಕಡೆ ಸರಿಸಿದ. ತಟ್ಟೆಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಅಂಕಿಯಿಲ್ಲ, ಕಲೆಯಿಲ್ಲ, ಏನೂ ಇಲ್ಲ. ನಡುವೆ ಒಂದು ತೂತು, ಕೆಳಗೊಂದು ತೂತು.

"ಬೆಳಿಗ್ಗೇನೇ ತೊಳೆದೆ. ಯಾಕೆ?"

ಅವಳು ಸ್ಟೂಲು ಎಳೆದುಕೊಂಡು ಕೂತಳು. ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದಳು. ಬಿಸಿಲಿಗೆ ಅದು ಚಿನ್ನದ ಹಾಗೆ ಹೊಳೆಯಿತು.

"ಅದು ಒರಿಜಿನಲ್ ಆಗಿತ್ತು," ಎಂದಳು.

"ಒರಿಜಿನಲ್ಲಾ? ನೀವೇ ಮರುಬಣ್ಣ ಅಂದ್ರಂತೆ! ಆಯಮ್ಮ ಬಂದು ನಿಮ್ಮ ಹೆಸರು ಹೇಳಿಯೇ ಕೊಟ್ಟಿದ್ದು." ಪೇಂಟರ್ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. "ನನಗೂ ಹಾಗೇ ಅನ್ನಿಸ್ತಪ್ಪ. ಆ ನಾಲ್ಕು ಎಷ್ಟು ಅಸಹ್ಯವಾಗಿ ವಾಲಿತ್ತು ಅಂದ್ರೆ, ಯಾರೋ ಕಲಿಯೋ ಕೈ ಅಂದ್ಕೊಂಡೆ. ನೇರ ಮಾಡಿಕೊಡೋಣ ಅಂತಿದ್ದೆ."

ಅವಳು ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದಳು. ಪೇಂಟರ್ ಬಗ್ಗಿ ನೋಡಿ ಶಿಳ್ಳೆ ಹೊಡೆದ. ಕೆಳಗಿನ ಯಂತ್ರ ದಡಬಡ ಎನ್ನುತ್ತಿತ್ತು.

"ಇನ್ನೇನು ಮತ್ತೆ?" ಎಂದ ಅವನು, ದನಿ ತಗ್ಗಿಸಿ. "ಇದನ್ನೇ ಕೂರಿಸೋಣ. ಅದೇ ಕಾರ್ಖಾನೆ, ಅದೇ ಕಂತು, ಅದೇ ಸೊಟ್ಟ ನಾಲ್ಕು. ಮೂರರ ಹತ್ರ ಚೂರು ಚಹಾ ಹಚ್ಚಿದ್ರೆ ಕಲೆಯೂ ಆಯ್ತು. ಈ ಊರಲ್ಲಿ ಕಂಡುಹಿಡಿಯೋರು ಯಾರಿದಾರೆ, ನೀವೊಬ್ಬರನ್ನ ಬಿಟ್ರೆ?"

ಬೇರೆ ದಿನವಾಗಿದ್ದರೆ ಅವಳು ಅವನ ಚಳಿ ಬಿಡಿಸುತ್ತಿದ್ದಳು. ಆದರೆ ಅವಳ ತಲೆಯಲ್ಲಿ ಮಾತುಗಳು ಆಗಲೇ ಸಾಲುಗಟ್ಟಿ ನಿಂತಿದ್ದವು. ಅಮ್ಮ, ನಾನು ಹೇಳಿದ್ದು ತಪ್ಪು. ಸಮಯಕ್ಕೆ ಸರಿಯಾಗಿ ಹೋಗಿ ತಡೆದೆ. ಬರೀ ಧೂಳು ಒರೆಸಿದಾರೆ, ಅದಕ್ಕೇ ಬೆಳ್ಳಗೆ ಕಾಣುತ್ತೆ. ನಿಮ್ಮಪ್ಪ ಕೊಟ್ಟಿದ್ದೇ ಇದು. ಎಷ್ಟು ಸುಲಭ! ಗಾರ್ಡು ನಿರಪರಾಧಿ, ಅಪ್ಪ ನಿರಪರಾಧಿ, ಇವಳೂ ಬಹುಮಟ್ಟಿಗೆ ನಿರಪರಾಧಿ.

"ಚಹಾ ಬೇಡ," ಎಂದಳು. "ಹಾಗೇ ಕೂರಿಸಿ."

ಪೇಂಟರ್ ಕೂರಿಸಿದ. ಡಯಲ್ಲಿನ ಕಾಲುಗಳು ವಾಚಿನ ಯಂತ್ರದ ತೂತುಗಳೊಳಗೆ ಸಲೀಸಾಗಿ ಇಳಿದವು. ಮುಳ್ಳು ಹಾಕಿ, ಹೊಸ ಗಾಜು ಒತ್ತಿ, ಕೀಲಿ ತಿರುಗಿಸಿ ಅವಳ ಕೈಗಿಟ್ಟ. ಹಿತ್ತಾಳೆಯ ಬಿಲ್ಲೆಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ವಾಚು ಟಿಕ್ ಟಿಕ್ ಎನ್ನುತ್ತಿತ್ತು. ಭೂತಗನ್ನಡಿ ಹಾಕಿಕೊಂಡು ಎಷ್ಟು ಹುಡುಕಿದರೂ ಒಂದು ಕುಂದು ಸಿಗಲಿಲ್ಲ. ಬೇರೆ ಯಾರಾದರೂ ತಂದಿದ್ದರೆ "ಅಪ್ಪಟ ಒರಿಜಿನಲ್" ಎಂದು ತಾನೇ ಹೇಳಿಬಿಡುತ್ತಿದ್ದೆ ಎಂಬುದು ಹೊಳೆದಾಗ ಅವಳು ಭೂತಗನ್ನಡಿ ತೆಗೆದು ಚೀಲದ ತಳಕ್ಕೆ ತುರುಕಿದಳು.

ವಾಪಸು ಬಸ್ಸಿನಲ್ಲಿ ಕೂರಲಾಗಲಿಲ್ಲ, ನಿಂತೇ ಬಂದಳು. ಅದೂ ಆಗದೆ ಮೊದಲೇ ಇಳಿದು ನಡೆದಳು. ಒಂದು ಬೀದಿ ದಾಟುವಾಗ ಹೇಳಬಾರದು ಎನ್ನಿಸುತ್ತಿತ್ತು, ಮುಂದಿನ ಬೀದಿಗೆ ಹೇಳಲೇಬೇಕು ಎನ್ನಿಸುತ್ತಿತ್ತು. ಕ್ವಾರ್ಟರ್ಸಿನ ಗೇಟಿನಲ್ಲಿ ಹೇಳಬಾರದು ಎಂಬುದೇ ಗೆದ್ದಿತ್ತು.

ಗಾರ್ಡಮ್ಮ ವಾಚನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. "ಪರವಾಗಿಲ್ಲ, ಚೆನ್ನಾಗಿ ಬಳಿದಿದಾನೆ."

"ಅದು ಬಳಿದಿದ್ದಲ್ಲಮ್ಮ," ಎಂದು ಶುರು ಮಾಡಿದಳು ಭೂತಗನ್ನಡಿ. "ಅದು ಒರಿಜಿನಲ್ಲೇ."

ಗಾರ್ಡಮ್ಮ ತಲೆಯೆತ್ತಿದಳು. ಆ ಕಣ್ಣುಗಳಲ್ಲಿ ಎಂಥ ಆಸೆ ಇತ್ತೆಂದರೆ, ಬಸ್ಸಿನಲ್ಲಿ ಉರು ಹೊಡೆದದ್ದೆಲ್ಲ ಭೂತಗನ್ನಡಿಯ ಬಾಯಿಂದ ಹಾರಿಹೋಯಿತು. ಅರ್ಧ ಮಾತನ್ನು ಅಲ್ಲೇ ಬಿಟ್ಟು ಇನ್ನೊಂದು ತುದಿಯಿಂದ ಹಿಡಿದಳು. "ಅಲ್ಲ, ತಡೀರಿ. ಈಗ ಇರೋದು ನಿಮ್ಮದಲ್ಲ. ನಿಮ್ಮದೂ ಒರಿಜಿನಲ್ಲೇ ಆಗಿತ್ತು. ನಾನು ತಪ್ಪು ಹೇಳಿದೆ. ಆ ಕಾರ್ಖಾನೆಯಲ್ಲೇ ನಾಲ್ಕು ಸೊಟ್ಟ ಅಚ್ಚಾಗಿತ್ತು, ನನಗೆ ಇವತ್ತು ಗೊತ್ತಾಯ್ತು. ಓಡಿ ಹೋದೆ, ಅಷ್ಟೊತ್ತಿಗೆ ಅವನು ತೊಳೆದುಬಿಟ್ಟಿದ್ದ. ಇದು ಅಂಥದ್ದೇ ಇನ್ನೊಂದು ಡಯಲ್. ನಿಮ್ಮದು ಇದು, ನೋಡಿ." ಕಾಗದ ಬಿಚ್ಚಿ ಹಿತ್ತಾಳೆಯ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು.

ಗಾರ್ಡಮ್ಮ ಬಿಲ್ಲೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. "ಹಾಗಾದ್ರೆ ಇವರು ಸುಳ್ಳು ಹೇಳಿಲ್ಲ?"

"ಇಲ್ಲಮ್ಮ."

"ಅಪ್ಪನೂ ಹೇಳಿಲ್ಲ?"

"ಇಲ್ಲ. ಯಾರೂ ಇಲ್ಲ."

"ಕೆಲಸ ಹೋದಾಗ ಎಲ್ಲೋ ಅಡ ಇಟ್ಟಿದ್ರೂ, ಅದನ್ನೇ ಬಿಡಿಸ್ಕೊಂಡು ತಂದಿದಾರೆ?"

"ಅದನ್ನೇ ತಂದಿದಾರೆ."

ಗಾರ್ಡಮ್ಮ ಕುರ್ಚಿಯಲ್ಲಿ ಕೂತಳು. ಎದ್ದಳು. ಆಮೇಲೆ ಶುರುವಾಯಿತು ನೋಡಿ, ಬೈಗುಳದ ಸುರಿಮಳೆ. "ನಿನಗೆ ಯಾರೇ ಕೇಳಿದ್ದು? ಗಾಜು ಹಾಕು ಅಂದ್ರೆ ಗಾಜು ಹಾಕ್ಬೇಕು! ಕಣ್ಣಿಗೆ ಡಬ್ಬಿ ಸಿಕ್ಕಿಸ್ಕೊಂಡ ಮಾತ್ರಕ್ಕೆ ಕಂಡೋರ ಮನೆ ಒಳಗೆಲ್ಲ ಇಣುಕಬಹುದಾ? ಇಷ್ಟು ದಿನ ಈ ಮನುಷ್ಯನ ಜೊತೆ ಒಂದು ಮಾತಾಡಿಲ್ಲ ನಾನು. ಏನು ಅಂದ್ಕೊಂಡಿದಾರೋ! ತನ್ನ ಸೇವೆ ಮಾಡಿ ಇವಳಿಗೆ ಸಾಕಾಯ್ತು, ಬೇಸರ ಬಂತು ಅಂದ್ಕೊಂಡಿರ್ತಾರೆ!" ಭೂತಗನ್ನಡಿ ತಲೆ ತಗ್ಗಿಸಿ ನಿಂತಳು. ಬಹುವಚನ ಹೋಗಿ ಏಕವಚನಕ್ಕೆ ಇಳಿದದ್ದು ಯಾಕೋ ಸ್ವಲ್ಪ ಹಗುರೆನಿಸಿತು.

ಬೈದು ದಣಿದ ಗಾರ್ಡಮ್ಮ ಮಂಚದ ಬಳಿ ಹೋಗಿ ಗಂಡನ ಎಡಗೈ ಹಿಡಿದಳು. "ನೋಡಿ, ವಾಚು ಬಂತು," ಎಂದಳು. ಗಾರ್ಡು ಹೆಂಡತಿಯ ಬಾಯನ್ನೇ ನೋಡಿದರು, ಆ ದನಿ ಎಲ್ಲಿಂದ ಬಂತು ಎಂಬಂತೆ. ಆಕೆ ಪಟ್ಟಿ ಬಿಗಿದಳು. ಅವರು ಕೈ ಎತ್ತಿ ನೋಡಿದರು.

ಬಹಳ ಹೊತ್ತು ನೋಡಿದರು. ಆಮೇಲೆ ಮಂಚದ ಸರಳಿಗೆ ಮಣಿಕಟ್ಟು ಉಜ್ಜಿ ಉಜ್ಜಿ ಅದನ್ನು ಕಳಚಲು ಹೊರಟರು. ಗಂಟಲಿಂದ ಅರ್ಥವಾಗದ ಸದ್ದು ಬರುತ್ತಿತ್ತು. ಗಾರ್ಡಮ್ಮ ಹೆದರಿ ಪಟ್ಟಿ ಬಿಚ್ಚಿದಳು. ಅವರು ವಾಚನ್ನು ಹಾಸಿಗೆಯ ತುದಿಗೆ ತಳ್ಳಿ ಕಿಟಕಿಯ ಕಡೆ ಮುಖ ತಿರುಗಿಸಿದರು.

"ತಮ್ಮದಲ್ಲ ಅಂತಿದಾರೆ," ಎಂದಳು ಗಾರ್ಡಮ್ಮ ಮೆಲ್ಲಗೆ.

ಗಾರ್ಡಮ್ಮ ಮಂಚದ ಅಂಚಿಗೆ ಕೂತು, ಗಂಡನ ಬೆನ್ನಿಗೇ ಎಲ್ಲವನ್ನೂ ಹೇಳತೊಡಗಿದಳು. ಅಂಗಡಿಗೆ ಹೋದದ್ದು, ಸೊಟ್ಟ ನಾಲ್ಕು, ತನಗೆ ಬಂದ ಅನುಮಾನ, ಯಾವ ಯಾವ ಡ್ಯೂಟಿಯ ಮೇಲೆ ಏನೇನು ಅನುಮಾನ ಬಂತೆಂಬುದು ಸಹ. ಅವರ ಬೆನ್ನು ಅಲುಗಲಿಲ್ಲ. ಅದು ಅವರಿಬ್ಬರ ಮಾತು ಎಂದು ಅರ್ಥವಾಗಿ ಭೂತಗನ್ನಡಿ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಬಂದಳು.

ಅಂಗಡಿಯಲ್ಲಿ ಅವಳಿಗೆ ಕೆಲಸ ಹತ್ತಲಿಲ್ಲ. ಯಾರಾದರೂ ವಾಚು ತಂದರೆ ತಿರುಗಿಸಿ ಮುರುಗಿಸಿ ನೋಡಿ, "ಹೀಗಿರಬಹುದು, ಹಾಗೂ ಇರಬಹುದು," ಎನ್ನುತ್ತಿದ್ದಳು. ಭಾವನಿಗೆ ರೇಗಿತು. "ಏನಾದ್ರೂ ಒಂದು ಹೇಳು. ಗಿರಾಕಿ ನಿನ್ನ ಮುಖ ನೋಡೋಕೆ ಬರ್ತಾನಾ?" ಹಲ್ಲಿನ ಡಾಕ್ಟರಿಗಂತೂ ಸುದ್ದಿ ಹೇಗೋ ತಲುಪಿ, ಕಾಲಿಗೆ ಚಕ್ರ ಕಟ್ಟಿಕೊಂಡು ಬಂದರು. "ಬಳಸದೇ ಇದ್ದ ಡಯಲ್ ಅಂತಲ್ಲ! ಆಯಮ್ಮ ಮಾರ್ತಾರಾ ಕೇಳಿ."

"ಆ ಡಯಲ್ ಆ ವಾಚಿನದ್ದಲ್ಲ ಡಾಕ್ಟ್ರೇ."

"ಅದೇ ಕಂಪನಿದು, ಅದೇ ಮಾಡೆಲ್‌ದು. ಇನ್ನೇನು ಬೇಕು?"

"ಎಲ್ಲ ಅದೇ. ಆದ್ರೆ ಅದರದ್ದಲ್ಲ," ಎಂದಳು. ಡಾಕ್ಟರು ಇವಳಿಗೇನೋ ಆಗಿದೆ ಎಂಬಂತೆ ಭಾವನ ಕಡೆ ನೋಡಿದರು.

ಆದರೂ ಒಂದು ವಿಷಯ ಅವಳನ್ನು ಕೊರೆಯುತ್ತಿತ್ತು: ಡಯಲ್ ಬದಲಾಗಿದೆ ಎಂಬ ಗುರುತು ಆ ವಾಚಿನಲ್ಲಿ ಎಲ್ಲೂ ಇರಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕ್ವಾರ್ಟರ್ಸಿಗೆ ಹೋದಳು. ಬಾಗಿಲಾಚೆಯಿಂದಲೇ ಗಾರ್ಡಮ್ಮನ ದನಿ ಕೇಳುತ್ತಿತ್ತು. ನೆಂಟರೊಬ್ಬರ ಮಗಳ ಮದುವೆ ಮುರಿದುಬಿದ್ದ ಕಥೆ, ಉಸಿರು ಬಿಡದೆ. ಒಳಗೆ ಗಾರ್ಡಿನ ಎರಡೂ ಕೆನ್ನೆ ನುಣ್ಣಗಿದ್ದವು. ವಾಚು ದಿಂಬಿನ ಪಕ್ಕದ ಸ್ಟೂಲಿನ ಮೇಲಿತ್ತು.

"ಕಟ್ಟಿಸ್ಕೊಳ್ಳಲ್ಲ," ಎಂದಳು ಗಾರ್ಡಮ್ಮ. "ದಿನಾ ಕೀಲಿ ಕೊಟ್ಟು ಇಡ್ತೀನಿ. ನಾಲ್ಕು ದಿನ ನನ್ನ ಮುಖಾನೂ ನೋಡ್ಲಿಲ್ಲ. ನಾನೂ ಬಿಡ್ಲಿಲ್ಲ, ಮಾತಾಡ್ತಾನೇ ಇದ್ದೆ. ಕೊನೆಗೆ ತಡೀಲಾರದೆ ತಿರುಗಿದ್ರು."

ಭೂತಗನ್ನಡಿ ವಾಚು ಕೇಳಿ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಕೂತು, ಬಿಚ್ಚಿ, 'ಬದಲಿ ಡಯಲ್' ಎಂದು ಡಯಲ್ಲಿನ ಹಿಂಬದಿಯಲ್ಲಿ ಸೂಜಿಯಿಂದ ಗೀರಿದಳು.

"ಅಲ್ಲಿ ಬರೆದ್ರೆ ಯಾರಿಗೆ ಕಾಣುತ್ತೆ?"

"ಮುಂದೆ ಯಾವತ್ತೋ ನನ್ನಂಥವಳೊಬ್ಬಳು ಬಿಚ್ಚಿ ನೋಡ್ತಾಳಲ್ಲ, ಅವಳಿಗೆ. ಅವಳು ಬಾಯಿಗೆ ಬಂದಿದ್ದು ಹೇಳಬಾರದಲ್ಲ."

ಗಾರ್ಡು ಇದೆಲ್ಲವನ್ನೂ ನೋಡುತ್ತಿದ್ದರು. ಬಿಚ್ಚುವುದು, ಗೀರುವುದು, ಮತ್ತೆ ಮುಚ್ಚುವುದು. ಅವಳು ವಾಚನ್ನು ಸ್ಟೂಲಿನ ಮೇಲಿಡಲು ಹೋದಾಗ ಎಡಗೈ ಮುಂದೆ ಚಾಚಿದರು. ಏನು ಬೇಕೆಂದು ಮೊದಲು ತಿಳಿಯಲಿಲ್ಲ. ಅವರು ಕೈಯನ್ನು ಇನ್ನಷ್ಟು ಚಾಚಿ, ಅಂಗೈ ಮೇಲಾಗಿ ತಿರುಗಿಸಿದರು.

"ಮುಖ ಒಳಗಡೆಗೆ ಬರೋ ಹಾಗೆ ಕಟ್ಟು," ಎಂದಳು ಗಾರ್ಡಮ್ಮ. "ಡ್ಯೂಟೀಲಿ ಹಾಗೇ ಕಟ್ತಿದ್ರು."

ಭೂತಗನ್ನಡಿ ಹಾಗೇ ಕಟ್ಟಿದಳು. ಗಾರ್ಡು ಮಣಿಕಟ್ಟನ್ನು ಕಣ್ಣ ಮುಂದೆ ತಂದು, ಅಪರಿಚಿತನೊಬ್ಬನನ್ನು ನೋಡುವ ಹಾಗೆ ನೋಡಿದರು. ಮೆಚ್ಚಿದಂತೆ ಕಾಣಲಿಲ್ಲ. ಆದರೆ ಕಳಚಲೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ನೋಡಿ, ಗಂಟಲಲ್ಲಿ ಗರಗರ ಎಂದು ಏನೋ ಅಂದು, ಗಡ್ಡವಿಲ್ಲದ ಗಲ್ಲವನ್ನು ಅಡುಗೆಮನೆಯತ್ತ ಎತ್ತಿದರು.

"ಏನಂತಾರೆ?" ಎಂದಳು ಭೂತಗನ್ನಡಿ.

"ಬೈತಿದಾರೆ. ಚಹಾ ಹೊತ್ತು ಮೀರಿತಂತೆ." ಗಾರ್ಡಮ್ಮ ಕಣ್ಣೊರೆಸಿಕೊಂಡು ಎದ್ದಳು. "ಬಂತು ನೋಡು ಕೈಗೆ ವಾಚು, ಇನ್ನು ನನ್ನ ಪಾಡು ಕೇಳೋದೇ ಬೇಡ. ಕೂತ್ಕೋ, ನಿನಗೂ ಮಾಡ್ತೀನಿ."

ಭೂತಗನ್ನಡಿ ಕೂತಳು. ಚಹಾ ಕುಡಿದಳು. ಆದರೆ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಆ ವಾಚನ್ನು ನೋಡಿದಾಗಲೆಲ್ಲ ಅವಳಿಗೆ ಬರಿಯ ಹಿತ್ತಾಳೆಯೇ ಕಾಣುತ್ತಿತ್ತು. ಹೇಳಿ ಹೊರಬಿದ್ದಳು. ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ಅಂಗಡಿಯ ಕಡೆಗೆ ನಡೆದೇ ಹೊರಟಳು.